ಹೂವಿನ ಕಣಿವೆಗೆ ಕಾಲುನಡಿಗೆ

ಬೇಸಗೆ ಬಂತೆಂದರೆ ಬಯಲುಸೀಮೆಯ ಜನಕ್ಕೆ ಬೆಟ್ಟದ ನೆನಪಾಗುವುದು ಸಹಜ. ಕೆಮ್ಮಣ್ಣುಗುಂಡಿ, ಮಡಿಕೇರಿ, ಆಚೆಗೆ ಉದಕಮಂಡಲ, ಇವನ್ನೆಲ್ಲ ಕಂಡವರಿಗೆ ಒಮ್ಮೆಯಾದರೂ ಹಿಮಾಲಯದಲ್ಲಿ ನಾಲ್ಕಾರು ದಿನ ನಡೆದು ಬರಬೇಕೆಂಬ ಹಂಬಲ ಉಂಟಾಗುತ್ತದೆ. ಅಂಥವರಿಗಾಗಿ ಗಢವಾಲದ ಹೂವಿನ ಕಣಿವೆಯ ವಿಚಾರವಾಗಿ ನಾಲ್ಕು ಮಾತು.

ಈ ಕಣಿವೆ ಇರುವುದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ. ಸುತ್ತಲಿನ ಕುರಿಗಾಹಿಗಳಿಗೆ ಇದು ಹಿಂದಿನಿಂದಲೂ ಪರಿಚಿತ. ಹೊರಗಿನ ಪ್ರಪಂಚಕ್ಕೆ ಹೆಸರಾದದ್ದು 1931ರ ಈಚೆಗೆ. ಆ ವರ್ಷ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಕಾಮೆಟ್ ಶಿಖರವನ್ನೇರಿ ಹಿಂದಿರುಗುವಾಗ ಇಲ್ಲಿಗೆ ಇಳಿದರು. ಸ್ಮೈತ್ 1937ರಲ್ಲಿ ಮತ್ತೆ ಬಂದು ತಂಗಿ, ಮರುವರ್ಷ ಇದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. 1939ರಲ್ಲಿ ಸಸ್ಯಗಳನ್ನು ಸಂಗ್ರಹಿಸಲು ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ ಬಂಡೆಯ ಮೇಲಿಂದ ಜಾರಿ ಬಿದ್ದು ತೀರಿಕೊಂಡರು. ಆಕೆಯ ಸಮಾಧಿ ಹೂಗಳ ನಡುವೆ ಈಗಲೂ ಇದೆ. 1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಹೊರಡುವ ಮೊದಲು ಪಂಚಾಂಗ ನೋಡಬೇಕು. ನಮ್ಮ ಮಕ್ಕಳಿಗೆ ರಜ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಕಣಿವೆಯಲ್ಲಿ ಹಿಮ. ಬಾಗಿಲು ತೆರೆಯುವುದು ಜೂನ್ ತಿಂಗಳಲ್ಲಿ. ಹೂವಿನ ಸುಗ್ಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಅದೇ ಮಳೆಗಾಲ. ಗುಡ್ಡ ಕುಸಿದು ರಸ್ತೆ ಕಟ್ಟುವುದುಂಟು. ಆದ್ದರಿಂದ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೋಗಬೇಕು.

ಹೃಷಿಕೇಶದಿಂದ ಜೋಶೀಮಠ, ಅಲ್ಲಿಂದ ಅಲಕನಂದೆಯ ದಡದ ಗೋವಿಂದಘಾಟ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಅಲ್ಲಿ ನಡಿಗೆ ಮೊದಲಾಗುತ್ತದೆ! ಸುಮಾರು 3,000 ಮೀಟರು ಎತ್ತರದ ಘಂಗರಿಯಾದಲ್ಲಿ ರಾತ್ರಿ ತಂಗುವುದು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಹೂವಿನ ಕಣಿವೆಗೆ. ಇನ್ನೊಂದು ನಾಲ್ಕು ಸಾವಿರ ಮೀಟರಿಗೂ ಮೇಲಿರುವ, ಸಿಖ್ಖರಿಗೆ ಪವಿತ್ರವಾದ ಹೇಮಕುಂಡಕ್ಕೆ.

ಎಚ್ಚರ ಬೇಕಾದದ್ದು ಇಲ್ಲಿಯೇ. ಘಂಗರಿಯಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ನೂರಕ್ಕೆ ಎಪ್ಪತ್ತು ಭಾಗ. ಹೇಮಕುಂಡದಲ್ಲಿ ಇನ್ನೂ ಕಡಮೆ. ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟರಮಟ್ಟಿಗೆ ಇಳಿಯುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅವಸರದಿಂದಲ್ಲ. ತಲೆನೋವು, ವಾಕರಿಕೆ, ನಿದ್ದೆಗೇಡು ಕಂಡರೆ ಮೇಲಕ್ಕೆ ಹೋಗಬಾರದು. ಅದು ಹೆಚ್ಚಿದರೆ, ಕುಳಿತಲ್ಲೇ ಉಬ್ಬಸ ಬಂದರೆ, ನಡಿಗೆ ತೂರಾಡಿದರೆ, ಬೆಳಗಾಗಲೆಂದು ಕಾಯದೆ ಕೆಳಕ್ಕೆ ಇಳಿಸಬೇಕು. ತರುಣ, ಗಟ್ಟಿಮುಟ್ಟಾದವ ಎಂದು ಬೆಟ್ಟ ರಿಯಾಯಿತಿ ತೋರಿಸುವುದಿಲ್ಲ. ಕುದುರೆ ಏರಿ ಹೋದವರ ಕಾಲಿನ ದಣಿವು ತಪ್ಪಬಹುದು, ಎತ್ತರದ ಉಪದ್ರವ ತಪ್ಪದು. ಹೃದಯದ ಅಥವಾ ಶ್ವಾಸಕೋಶದ ಬೇನೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಕಷ್ಟಪಟ್ಟು ಹೋದವರಿಗೆ ಕಾಣುವುದೇನು? ಪುಷ್ಪಾವತಿ ನದಿ, ಭೂರ್ಜವೃಕ್ಷಗಳು, ಮೇಲೆ ಹಿಮನದಿ, ಉದ್ದಕ್ಕೂ ಹೂ. ನಮ್ಮ ಅಂಗಳದ ಕರ್ಣಕುಂಡಲದ ಹತ್ತಿರದ ನೆಂಟರು ಅಲ್ಲಿ ಆಳೆತ್ತರಕ್ಕೆ ಬೆಳೆದು ನಿಂತಿರುತ್ತಾರೆ. ಅದೃಷ್ಟವಿದ್ದರೆ ನೀಲಿ ಗಸಗಸೆಯ ಹೂವೂ ಕಂಡೀತು. ಹೇಮಕುಂಡದ ಬದಿಯಲ್ಲಿ ಬ್ರಹ್ಮಕಮಲವುಂಟು. ನಮ್ಮ ಮನೆಗಳಲ್ಲಿ ನಡುರಾತ್ರಿ ಅರಳುವ ಬ್ರಹ್ಮಕಮಲ ಅಮೆರಿಕದ ಕಡೆಯಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ್ದು ಸೂರ್ಯಕಾಂತಿಯ ಕುಲಕ್ಕೆ ಸೇರಿದ್ದು. ಹೆಸರೊಂದೇ, ಗಿಡ ಬೇರೆ.

ಹೂ ಕೀಳಬಾರದು, ಕಣಿವೆಯಲ್ಲಿ ರಾತ್ರಿ ತಂಗಬಾರದು, ಒಯ್ದ ಕಸವನ್ನು ಮರಳಿ ತರಬೇಕು ಎಂಬ ನಿಯಮಗಳಿವೆ. ಹಿಮ ಕರಗಿ ಮತ್ತೆ ಹಿಮ ಬೀಳುವುದರೊಳಗೆ, ಮೂರು ನಾಲ್ಕು ತಿಂಗಳಲ್ಲಿ, ಆ ಗಿಡಗಳು ಚಿಗುರಿ, ಅರಳಿ, ಬೀಜ ಕಟ್ಟಬೇಕು. ಕಿತ್ತ ಒಂದು ಹೂವೆಂದರೆ ಮುಂದಿನ ವರ್ಷದ ಬೀಜ. ಬೆಟ್ಟ ಎಷ್ಟು ನಾಜೂಕೆಂಬುದನ್ನು 2013ರ ಜೂನ್ ತಿಂಗಳ ಪ್ರವಾಹ ತೋರಿಸಿತು. ಆಗ ಈ ದಾರಿ, ಸೇತುವೆಗಳು, ನದಿಯಂಚಿನ ಮನೆಗಳು ಕೊಚ್ಚಿಹೋದವು. ಊರಿನವರು ಮತ್ತೆ ದಾರಿ ಮಾಡಿಕೊಂಡು ನಮ್ಮಂಥವರ ಹೊರೆ ಹೊತ್ತು ಬದುಕುತ್ತಿದ್ದಾರೆ. ಅವರ ಕೂಲಿಯಲ್ಲಿ ಚೌಕಾಸಿ ಮಾಡುವುದು ನಮಗೆ ಶೋಭಿಸದು.

ಬೆಚ್ಚನೆಯ ಉಡುಪು, ಮಳೆಯಂಗಿ, ಪಳಗಿದ ಬೂಟು, ಒಂದು ಊರುಗೋಲು: ಇಷ್ಟಿದ್ದರೆ ಸಾಕು. ಹೊರಡುವ ಒಂದು ತಿಂಗಳು ಮುಂಚಿನಿಂದ ದಿನವೂ ಒಂದು ಗಂಟೆ ನಡೆಯಿರಿ. ಅಲ್ಲಿಗೆ ಹೋದ ಮೇಲೆ ನಿಧಾನವಾಗಿ ನಡೆಯಿರಿ. ಹೂ ಕಾಣುವುದೂ ನಿಧಾನವಾಗಿ ನಡೆದವರಿಗೇ.