400 ಗಾಬ್ಲಿನ್, 6 ಗಾಬ್ಲಿನ್: ಡಿ ಅಂಡ್ ಡಿಯ ಯಾವ ಎಡಿಷನ್ ಆಡೋದು?

ಇವತ್ತಿನ ಎಪಿಸೋಡನ್ನ ಒಂದು ಲೆಕ್ಕದಿಂದ ಶುರು ಮಾಡೋಣ. ಸುಲಭದ ಲೆಕ್ಕ, ಹೆದರಬೇಡಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟದ 1981ರ ಬೇಸಿಕ್ ಪುಸ್ತಕ ತೆಗೀರಿ. ಅದರಲ್ಲಿ ಒಬ್ಬ ಫೈಟರ್ ಒಂದನೇ ಲೆವೆಲ್‌ನಿಂದ ಎರಡನೇ ಲೆವೆಲ್‌ಗೆ ಹೋಗಬೇಕು ಅಂದ್ರೆ 2,000 ಎಕ್ಸ್‌ಪಿ ಬೇಕು. ಎಕ್ಸ್‌ಪಿ ಅಂದ್ರೆ ಅನುಭವದ ಅಂಕ. ಒಂದು ಗಾಬ್ಲಿನ್ ಕೊಂದ್ರೆ ಸಿಗೋದು 5 ಎಕ್ಸ್‌ಪಿ. ಅಂದ್ರೆ 400 ಗಾಬ್ಲಿನ್ ಕೊಲ್ಲಬೇಕು. ಈಗ ಅದೇ ಆಟದ ಐದನೇ ಎಡಿಷನ್, 2014ರದ್ದು, ನೋಡಿ. ಎರಡನೇ ಲೆವೆಲ್‌ಗೆ 300 ಎಕ್ಸ್‌ಪಿ ಸಾಕು. ಒಂದು ಗಾಬ್ಲಿನ್‌ಗೆ 50. ಆರೇ ಆರು ಗಾಬ್ಲಿನ್!

ಇದನ್ನ ಕೇಳಿದ ತಕ್ಷಣ ಅನ್ನಿಸೋದು, ಹಳೇ ಆಟ ಜಿಪುಣ, ಹೊಸ ಆಟ ಧಾರಾಳಿ ಅಂತ. ಹಾಗಲ್ಲ. 1981ರ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ. ಗುಹೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಎಕ್ಸ್‌ಪಿ. ಅಂದ್ರೆ 2,000 ನಾಣ್ಯ ತಂದ್ರೆ ಮುಗೀತು, ಒಂದು ಗಾಬ್ಲಿನ್ ಅನ್ನೂ ಮುಟ್ಟಬೇಕಿಲ್ಲ. ಐದನೇ ಎಡಿಷನ್‌ನಲ್ಲಿ ನಾಣ್ಯಕ್ಕೆ ಸೊನ್ನೆ. ಇವತ್ತು ನಾನು ಹೇಳಬೇಕು ಅಂದ್ಕೊಂಡಿರೋದೆಲ್ಲ ಈ ಎರಡು ಸಾಲುಗಳ ನಡುವೆಯೇ ಇದೆ.

ಮೊದಲ ಸಲ ಕೇಳ್ತಿರೋರಿಗೆ ಒಂದು ನಿಮಿಷ. ಇದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟ. ನಾಲ್ಕೈದು ಜನ ಸುತ್ತ ಕೂತ್ಕೊಂಡು, ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ, ಆಗ್ತಾರೆ. ಮುಂದೆ ಏನು ಕಾಣ್ತಿದೆ ಅಂತ ಅವರು ಹೇಳ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ಆಗುತ್ತೋ ಇಲ್ವೋ ಗೊತ್ತಿಲ್ಲದ ಕಡೆ ಡೈಸ್ ಉರುಳಿಸೋದು. ‘ಸ್ಟ್ರೇಂಜರ್ ಥಿಂಗ್ಸ್’ನಲ್ಲಿ ಆ ಹುಡುಗರು ಬೇಸ್‌ಮೆಂಟ್‌ನಲ್ಲಿ ಆಡ್ತಾರಲ್ಲ, ಅದೇ. ‘ಬಾಲ್ಡರ್ಸ್ ಗೇಟ್ 3’ ಆಡಿದ್ರೆ ಐದನೇ ಎಡಿಷನ್‌ನ ನಿಯಮ ನಿಮಗೆ ಆಗಲೇ ಅರ್ಧ ಗೊತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಇದನ್ನ ಹೊರತಂದ್ರು. ಆಮೇಲೆ 1989ರಲ್ಲಿ ಎರಡನೇ ಎಡಿಷನ್, 2000ದಲ್ಲಿ ಮೂರನೇದು, 2008ರಲ್ಲಿ ನಾಲ್ಕನೇದು, 2014ರಲ್ಲಿ ಐದನೇದು, 2024ರಲ್ಲಿ ಅದರದ್ದೇ ಪರಿಷ್ಕೃತ ರೂಪ. ನಡುವೆ ಬೇಸಿಕ್ ಅಂತ ಇನ್ನೊಂದು ಕವಲು. ನಾನು ಹೇಳ್ತಿರೋ 1981ರ ಪುಸ್ತಕ ಆ ಕವಲಿನದ್ದು.

ನಿಯಮ ಬದಲಾದ್ರೆ ಆಟ ಹೇಗೆ ಬದಲಾಗುತ್ತೆ ಅನ್ನೋದು ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತು. ಪಕ್ಕದ ಮನೆ ಕಾಂಪೌಂಡ್ ಒಳಗೆ ಬಾಲ್ ಹೋದ್ರೆ ಔಟ್ ಅಂತ ಒಂದೇ ಒಂದು ರೂಲ್ ಹಾಕಿ, ಇಡೀ ಬೀದಿಯ ಹುಡುಗರು ನೆಲದ ಮೇಲೇ ಹೊಡೆಯೋದು ಕಲೀತಾರೆ. ಯಾರೂ ಕೋಚಿಂಗ್ ಕೊಡಲ್ಲ. ಡಿ ಅಂಡ್ ಡಿ ಎಡಿಷನ್‌ಗಳೂ ಹಾಗೇ. ಯಾವುದರ ಗಣಿತ ಚೆನ್ನಾಗಿದೆ ಅಂತ ಜನ ಜಗಳ ಆಡ್ತಾರೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ: ಈ ಪುಸ್ತಕ ಯಾವುದಕ್ಕೆ ಬಹುಮಾನ ಕೊಡುತ್ತೆ, ಮತ್ತೆ ಸಾವನ್ನ ಹೇಗೆ ನೋಡುತ್ತೆ?

ಒಂದು ಗುಹೆ ಇಟ್ಕೊಳ್ಳೋಣ. ಒಳಗೆ ಹತ್ತು ಗಾಬ್ಲಿನ್, ಹಿಂದೆ ಒಂದು ಪೆಟ್ಟಿಗೆ ಚಿನ್ನ. ಹೊರಗೆ ನಾಲ್ಕು ಜನ ಒಂದನೇ ಲೆವೆಲ್‌ನವರು.

1981ರಲ್ಲಿ ಒಳಗೆ ಹೋಗ್ತಿದ್ದೀರಿ. ನಿಮ್ಮ ಮಾಂತ್ರಿಕನ ಹಿಟ್ ಪಾಯಿಂಟ್ ನಾಲ್ಕು ಮುಖದ ಒಂದು ಡೈಸ್‌ನಲ್ಲಿ ಬಿದ್ದಷ್ಟು. 2 ಬಿತ್ತಾ, 2. ಗಾಬ್ಲಿನ್‌ನ ಒಂದು ಏಟಿಗೆ ಆರು ಮುಖದ ಡೈಸ್. ಸೊನ್ನೆಗೆ ಇಳಿದ್ರೆ ಸತ್ತ. ಮೂರ್ಛೆ ಇಲ್ಲ, ಇನ್ನೊಂದು ಚಾನ್ಸ್ ಇಲ್ಲ. ಅವನ ಹತ್ತಿರ ಇರೋ ಮಂತ್ರ ದಿನಕ್ಕೆ ಒಂದು. ಕೈಯಲ್ಲಿರೋ ಪಂಜು ಆರು ಟರ್ನ್, ಅಂದ್ರೆ ಆಟದೊಳಗಿನ ಒಂದು ಗಂಟೆ ಉರಿಯುತ್ತೆ. ಎರಡು ಟರ್ನ್‌ಗೊಂದು ಸಲ ಡಿಎಂ ಡೈಸ್ ಹಾಕ್ತಾರೆ. 1 ಬಿದ್ರೆ ಎಲ್ಲಿಂದಲೋ ಅಲೆದಾಡೋ ಪ್ರಾಣಿ ಬರುತ್ತೆ. ಅದರ ಹತ್ತಿರ ಚಿನ್ನ ಇರೋದು ಅಪರೂಪ. ಹಾಗಾಗಿ ಅದರ ಜೊತೆ ಹೊಡೆದಾಟ ಶುದ್ಧ ನಷ್ಟ.

ಇಂಥಾ ಕಡೆ ಬುದ್ಧಿ ಇರೋ ನಾಲ್ಕು ಜನ ಏನು ಮಾಡ್ತಾರೆ? ಹೊಡೆದಾಡಲ್ಲ. ಹಿಂದಿನ ದಾರಿ ಇದೆಯಾ ನೋಡ್ತಾರೆ. ಬಾಗಿಲಲ್ಲಿ ಹೊಗೆ ಹಾಕ್ತಾರೆ. ಮಾತಾಡ್ತಾರೆ! ಇದನ್ನ ತುಂಬ ಜನ ಮರೆತಿದ್ದಾರೆ. ಎದುರಾದವರು ಹೇಗೆ ನಡ್ಕೋತಾರೆ ಅನ್ನೋದಕ್ಕೆ ಆ ಪುಸ್ತಕದಲ್ಲಿ ಒಂದು ಟೇಬಲ್ ಇದೆ. ಎರಡು ಡೈಸ್ ಹಾಕಿ, ಎರಡರಲ್ಲೂ 1 ಬಿದ್ರೆ ಮಾತ್ರ ನೋಡಿದ ಕೂಡಲೇ ದಾಳಿ. ಅದು 36ಕ್ಕೆ ಒಂದು ಸಲ. ಸ್ವಲ್ಪ ಕಡಿಮೆ ಬಿದ್ರೆ ಸಿಟ್ಟು, ನಡುವೆ ಬಿದ್ರೆ ಅನುಮಾನ, ಹೆಚ್ಚು ಬಿದ್ರೆ ಮಾತುಕತೆಗೆ ತಯಾರು. ಹೊಡೆದಾಟ ಶುರುವಾದ್ರೂ ಗಾಬ್ಲಿನ್‌ಗಳಿಗೆ ಧೈರ್ಯದ ಅಂಕ ಅಂತ ಬೇರೆ ಇದೆ. ಕೆಲವರು ಬಿದ್ದ ಮೇಲೆ ಡೈಸ್ ಹಾಕಿ ನೋಡಿ, ಉಳಿದವರು ಓಡಿಹೋಗಬಹುದು. ಆಟ ಕ್ರೂರ, ಆದ್ರೆ ಜಾಣರಿಗೆ ಜಾಗ ಇದೆ. ಸತ್ರೆ? ಆರು ಮುಖದ ಮೂರು ಡೈಸ್ ಆರು ಸಲ ಉರುಳಿಸಿ, ಹತ್ತು ನಿಮಿಷದಲ್ಲಿ ಹೊಸ ಪಾತ್ರ.

ಈಗ 2014. ಮಾಂತ್ರಿಕನಿಗೆ ಬೆಳಕಿನ ಒಂದು ಕ್ಯಾಂಟ್ರಿಪ್ ಇದೆ, ಎಷ್ಟು ಸಲ ಬೇಕಾದ್ರೂ ಹಾಕಬಹುದು. ಪಂಜಿನ ಲೆಕ್ಕ ಅಲ್ಲಿಗೆ ಮುಗೀತು. ಸೊನ್ನೆಗೆ ಇಳಿದ್ರೆ ಸಾಯಲ್ಲ. ನಿಮ್ಮ ಪ್ರತಿ ಸರದಿಯಲ್ಲೂ 20 ಮುಖದ ಡೈಸ್, 10 ಅಥವಾ ಹೆಚ್ಚು ಬಿದ್ರೆ ಒಂದು ಗೆಲುವು. ಮೂರು ಗೆಲುವಾದ್ರೆ ಉಳಿದ್ರಿ, ಮೂರು ಸೋಲಾದ್ರೆ ಹೋದ್ರಿ. ಅಷ್ಟರಲ್ಲಿ ಕ್ಲೆರಿಕ್ 60 ಅಡಿ ದೂರದಿಂದ ಹೀಲಿಂಗ್ ವರ್ಡ್ ಹಾಕಿ ಎಬ್ಬಿಸಬಹುದು. ರಾತ್ರಿ ನಿದ್ದೆ ಮಾಡಿ ಎದ್ರೆ ಹಿಟ್ ಪಾಯಿಂಟ್ ಎಲ್ಲ ವಾಪಸ್. ಎಕ್ಸ್‌ಪಿ ಬರೋದು ಗಾಬ್ಲಿನ್‌ನಿಂದ. ಹಾಗಾಗಿ ಗುಹೆ ಬಾಗಿಲಲ್ಲಿ ನಿಂತು ಹೊಗೆ ಹಾಕೋ ಯೋಚನೆ ಯಾರಿಗೂ ಬರಲ್ಲ. ನುಗ್ತಾರೆ. ಹೀರೋಗಳ ಕಥೆ ಅದು, ಹೀರೋಗಳು ನುಗ್ಗಬೇಕು. ಎಷ್ಟೋ ಡಿಎಂಗಳು ಎಕ್ಸ್‌ಪಿಯನ್ನೇ ಬಿಟ್ಟು, ಕಥೆ ಒಂದು ಘಟ್ಟ ಮುಟ್ಟಿದಾಗ ಎಲ್ಲರಿಗೂ ಲೆವೆಲ್ ಕೊಡ್ತಾರೆ. ಅದಕ್ಕೆ ಮೈಲ್‌ಸ್ಟೋನ್ ಅಂತಾರೆ. ಆಗಂತೂ ಪೆಟ್ಟಿಗೆಗೂ ಗಾಬ್ಲಿನ್‌ಗೂ ಎರಡಕ್ಕೂ ಬೆಲೆ ಇಲ್ಲ, ಕಥೆಗೆ ಮಾತ್ರ.

ನಾಲ್ಕನೇ ಎಡಿಷನ್ ಬಗ್ಗೆ ಹೇಳದೆ ಮುಂದೆ ಹೋದ್ರೆ ಅನ್ಯಾಯ. 2008ರಲ್ಲಿ ಅದು ಬಂದಾಗ ಬಿದ್ದಷ್ಟು ಬೈಗುಳ ಬೇರೆ ಯಾವುದಕ್ಕೂ ಬಿದ್ದಿಲ್ಲ ಅನ್ಸುತ್ತೆ. ವಿಡಿಯೋ ಗೇಮ್ ಥರ ಇದೆ ಅಂದ್ರು. ಚೌಕದ ಮನೆಗಳ ಮ್ಯಾಪ್ ಮೇಲೆ ಆಟ. ಪ್ರತಿ ಪಾತ್ರಕ್ಕೂ ಯಾವಾಗ ಬೇಕಾದ್ರೂ ಬಳಸೋ ಶಕ್ತಿ, ಹೊಡೆದಾಟಕ್ಕೊಂದು ಸಲದ್ದು, ದಿನಕ್ಕೊಂದು ಸಲದ್ದು. ಫೈಟರ್ ಒಬ್ಬ ಗಾಬ್ಲಿನ್ ಅನ್ನ ಗುರುತು ಮಾಡಿದ್ರೆ, ಅದು ಬೇರೆಯವರಿಗೆ ಹೊಡೆಯೋಕೆ ಹೋದಾಗ 2 ಅಂಕ ಕಮ್ಮಿ. ಅದೇ ಗುಹೆ ಇಲ್ಲಿ ಚೆಸ್ ಬೋರ್ಡ್ ಆಗುತ್ತೆ. ಒಂದು ಫೈಟ್ ಗಂಟೆ ದಾಟೋದು ಮಾಮೂಲು. ನನಗೆ ಕೇಳಿದ್ರೆ, ತಾನು ಏನು ಅಂತ ಅಷ್ಟು ಪ್ರಾಮಾಣಿಕವಾಗಿ ಹೇಳ್ಕೊಂಡ ಎಡಿಷನ್ ಇನ್ನೊಂದಿಲ್ಲ. ಜನರಿಗೆ ಬೇಕಿದ್ದದ್ದು ಅದಾಗಿರಲಿಲ್ಲ, ಅಷ್ಟೇ. ಅವರಲ್ಲಿ ತುಂಬ ಜನ 2009ರಲ್ಲಿ ಬಂದ ‘ಪಾಥ್‌ಫೈಂಡರ್’ ಕಡೆ ಹೋದ್ರು. ಅದು ಮೂರನೇ ಎಡಿಷನ್‌ನ ನಿಯಮಗಳ ಮೇಲೇ ಕಟ್ಟಿದ್ದು.

ಮೂರನೇದರ ಬಗ್ಗೆ ಎರಡೇ ಮಾತು. ಎಲ್ಲದಕ್ಕೂ ಒಂದೇ ಲೆಕ್ಕ ತಂದಿದ್ದು ಅದು: 20 ಮುಖದ ಡೈಸ್ ಹಾಕಿ, ನಿಮ್ಮ ಅಂಕ ಕೂಡಿಸಿ, ಗುರಿ ಮುಟ್ಟಿತಾ ನೋಡಿ. ಎರಡನೇ ಎಡಿಷನ್‌ನಲ್ಲಿ ಥ್ಯಾಕೋ ಅಂತ ಒಂದಿತ್ತು, ಅದನ್ನ ಹೇಳಿಯೇ ಹಳಬರು ಹೊಸಬರನ್ನ ಹೆದರಿಸ್ತಾರೆ. ನಿಮ್ಮ ಥ್ಯಾಕೋ 20, ಎದುರಾಳಿಯ ಕವಚ 4 ಅಂದ್ರೆ 20ರಲ್ಲಿ 4 ಕಳೆದು 16 ಬೀಳಬೇಕು. ಮೂರನೇದರಲ್ಲಿ ಕವಚ 16 ಅಂತಲೇ ಬರೆದಿರುತ್ತೆ. ಬೇಕಾಗಿರೋ ಡೈಸ್ ಎರಡರಲ್ಲೂ ಅದೇ. ಕಳೆಯೋ ಲೆಕ್ಕ ಕೂಡೋ ಲೆಕ್ಕ ಆಯ್ತು, ಆಟ ಬದಲಾಗಲಿಲ್ಲ. ಚಿನ್ನದ ಸಾಲು ಹೋಗಿದ್ದು ಇದಕ್ಕಿಂತ ಎಷ್ಟೋ ದೊಡ್ಡ ಬದಲಾವಣೆ, ಆದ್ರೆ ಜಗಳ ಮಾತ್ರ ಥ್ಯಾಕೋ ಬಗ್ಗೆ!

ಇದೆಲ್ಲ ಯಾಕೆ ಮುಖ್ಯ ಅಂದ್ರೆ, ಗುಂಪು ಒಡೆಯೋದು ಇಲ್ಲೇ. ಒಬ್ಬಳು ತನ್ನ ಪಾತ್ರಕ್ಕೆ ಎಂಟು ಪುಟ ಹಿನ್ನೆಲೆ ಬರ್ಕೊಂಡು ಬಂದಿರ್ತಾಳೆ. ಊರು, ಸತ್ತ ಅಣ್ಣ, ತೀರಿಸಬೇಕಾದ ಸೇಡು, ಎಲ್ಲ. ಡಿಎಂ 1981ರ ನಿಯಮ ಇಟ್ಕೊಂಡಿದ್ದಾನೆ. ಮೊದಲ ಬಾಗಿಲಲ್ಲೇ ಒಂದು ಏಟು, ಮುಗೀತು. ಅವಳಿಗೆ ಅದು ಅವಮಾನ. ಅದೇ ಟೇಬಲ್‌ನಲ್ಲಿ ಇನ್ನೊಬ್ಬನಿಗೆ ಅಪಾಯ ಇಲ್ಲದಿದ್ರೆ ಆಟವೇ ಅಲ್ಲ. ಅವನನ್ನ ಐದನೇ ಎಡಿಷನ್‌ನಲ್ಲಿ ಕೂರಿಸಿ, ಮೂರನೇ ವಾರಕ್ಕೆ ಫೋನ್ ನೋಡ್ತಾ ಕೂರ್ತಾನೆ. ಆಮೇಲೆ ಎಲ್ಲರೂ ಡಿಎಂ ಸರಿ ಇಲ್ಲ ಅಂತಾರೆ. ಡಿಎಂ ಸರಿಯಾಗೇ ಇರಬಹುದು. ಪುಸ್ತಕ ಬಹುಮಾನ ಕೊಡ್ತಿರೋದು ಒಂದಕ್ಕೆ, ಕೂತವರು ಬಯಸ್ತಿರೋದು ಇನ್ನೊಂದನ್ನ.

ಈಗ ದುಡ್ಡಿನ ವಿಷಯ. ಹೊಸ ಎಡಿಷನ್ ಬಂತು ಅಂದ್ರೆ ಹಳೇ ಪುಸ್ತಕ ವೇಸ್ಟ್ ಆಗಲ್ಲ. ಫೋನ್ ಥರ ಅಪ್‌ಡೇಟ್ ನಿಲ್ಲಿಸ್ತಾರೆ ಅನ್ನೋ ಭಯವೂ ಇಲ್ಲ. ಆದ್ರೆ ಬೇರೆಯವರು ಆ ನಿಯಮ ಬಳಸಿ ಪುಸ್ತಕ ಬರೀಬಹುದಾ ಅನ್ನೋದರ ಮೇಲೆ 2023ರ ಜನವರಿಯಲ್ಲಿ ದೊಡ್ಡ ಗಲಾಟೆ ಆಯ್ತು. 2000ದಿಂದ ಓಪನ್ ಗೇಮ್ ಲೈಸೆನ್ಸ್ ಅಂತ ಒಂದು ಇತ್ತು, ಅದರ ಮೇಲೆ ಸಾವಿರಾರು ಜನರ ಕೆಲಸ ನಿಂತಿತ್ತು. ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಅದನ್ನ ರದ್ದು ಮಾಡಿ ಹೊಸದು ತರೋಕೆ ಹೊರಟಿದೆ ಅನ್ನೋ ಕರಡು ಸೋರಿಕೆ ಆಯ್ತು. ದೊಡ್ಡ ಆದಾಯ ಇರೋ ಪ್ರಕಾಶಕರು ರಾಯಲ್ಟಿ ಕೊಡಬೇಕು ಅಂತಲೂ ಅದರಲ್ಲಿತ್ತು. ಆಟಗಾರರು ತಿರುಗಿಬಿದ್ರು. ಅದೇ ತಿಂಗಳ ಕೊನೆಯಲ್ಲಿ ಕಂಪನಿ ಹಿಂದೆ ಸರಿದು, ಐದನೇ ಎಡಿಷನ್‌ನ ಮೂಲ ನಿಯಮಗಳಿರೋ ಎಸ್‌ಆರ್‌ಡಿ 5.1 ದಾಖಲೆಯನ್ನ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು. ಅದನ್ನ ಇನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ನಮಗೂ ಇದರಲ್ಲಿ ಒಂದು ಲಾಭ ಇದೆ: ಮೂಲ ಯಾವುದು ಅಂತ ನಮೂದಿಸಿದ್ರೆ ಸಾಕು, ಯಾರ ಅನುಮತಿ ಕೇಳದೆ ಅದನ್ನ ಕನ್ನಡಕ್ಕೆ ತರಬಹುದು, ಮಾರಲೂಬಹುದು. ಗಾಬ್ಲಿನ್‌ಗೆ ಕನ್ನಡದಲ್ಲಿ ಏನು ಅನ್ನೋದು ಅಂತ ಜಗಳ ಶುರುವಾಗುತ್ತೆ, ಅದು ಬೇರೆ ವಿಷಯ. ನನ್ನ ಓಟು ಗಾಬ್ಲಿನ್‌ಗೇ.

ಹಾಗಾದ್ರೆ ಯಾವುದು ತಗೊಳ್ಳೋದು? ಸದ್ಯಕ್ಕೆ ಯಾವುದೂ ಬೇಡ. 2024ರ ಮೂರು ದಪ್ಪ ಪುಸ್ತಕಗಳನ್ನ ಒಟ್ಟಿಗೆ ಆರ್ಡರ್ ಮಾಡೋಕೆ ಮೊದಲು ಎಸ್‌ಆರ್‌ಡಿ ಡೌನ್‌ಲೋಡ್ ಮಾಡ್ಕೊಳ್ಳಿ, ಫ್ರೀ. ಹಳೇ ರುಚಿಗೆ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’ ಇದೆ, 1981ರ ನಿಯಮಗಳನ್ನೇ ಅಚ್ಚುಕಟ್ಟಾಗಿ ಮತ್ತೆ ಜೋಡಿಸಿದ್ದು. ಅದರ ಬೇಸಿಕ್ ಭಾಗವೂ ಫ್ರೀ. ಎರಡು ಭಾನುವಾರ ಬಿಡುವು ಮಾಡ್ಕೊಳ್ಳಿ. ಒಂದೇ ಗುಹೆ, ಅದೇ ಹತ್ತು ಗಾಬ್ಲಿನ್, ಅದೇ ಪೆಟ್ಟಿಗೆ. ಮೊದಲ ವಾರ ಹಳೇ ನಿಯಮ, ಎರಡನೇ ವಾರ ಹೊಸದು. ಹಳೇ ನಿಯಮದಲ್ಲಿ ಆಡೋವಾಗ ಪ್ರತಿಯೊಬ್ಬರೂ ಎರಡೆರಡು ಪಾತ್ರ ಮಾಡಿಟ್ಟುಕೊಳ್ಳಿ, ಬೇಕಾಗುತ್ತೆ. ಚಿನ್ನಕ್ಕೆ ಎಕ್ಸ್‌ಪಿ ಅಂತ ಡಿಎಂ ಶುರುವಿನಲ್ಲೇ ಜೋರಾಗಿ ಹೇಳಬೇಕು. ಹೇಳದಿದ್ರೆ ಎಲ್ಲರೂ ನುಗ್ಗಿ ಸಾಯ್ತಾರೆ, ಪ್ರಯೋಗ ಕೆಡುತ್ತೆ. ಡೈಸ್ ಸೆಟ್ ಇಲ್ವಾ, ಗೂಗಲ್‌ನಲ್ಲಿ ಡೈಸ್ ರೋಲರ್ ಅಂತ ಹುಡುಕಿ, 20 ಮುಖದ್ದೂ ಸಿಗುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ‘ಕಾಲ್ ಆಫ್ ಕಥುಲು’, 1981ರದ್ದೇ ಇನ್ನೊಂದು ಆಟ. ಅದರಲ್ಲಿ ಹಿಟ್ ಪಾಯಿಂಟ್‌ಗಿಂತ ಮೊದಲು ಕಮ್ಮಿ ಆಗೋದು ನಿಮ್ಮ ಪಾತ್ರದ ತಲೆ ಸರಿ ಇರೋ ಅಂಕ. ಸಿಗೋಣ.