ಚೀಲ ಹೊತ್ತ ಡುಬ್ಬ



ಮನುಷ್ಯರನ್ನು ವರ್ಣಿಸಲು ಕೂತವರು ಮುಖದಲ್ಲೇ ನಿಂತುಬಿಡುತ್ತಾರೆ. ಸಂಪಿಗೆ ಮೂಗು, ತಾವರೆ ಕಣ್ಣು ಎಂದು ಹೊಗಳಿ, ಬೆನ್ನಿನ ಹತ್ತಿರ ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಉಳಿಯುವುದು ಗೂನು ಬೆನ್ನು, ಬಾಗಿದ ಬೆನ್ನು, ಅಷ್ಟೆ. ಅದೇ ಹೋರಿ ಕೊಳ್ಳಲು ಹೋದ ರೈತನನ್ನು ನೋಡಿ. ಡುಬ್ಬದ ಮೇಲೆ ಕೈಯಾಡಿಸುತ್ತಾನೆ, ಇಣಿ ಮುಟ್ಟಿ ನೋಡುತ್ತಾನೆ, ಪಕ್ಕಕ್ಕೆ ಸರಿದು ನಿಂತು ಬೆನ್ನು ಸಪಾಟಾಗಿದೆಯೋ ತಗ್ಗು ಬಿದ್ದಿದೆಯೋ ಎಂದು ಅಳೆಯುತ್ತಾನೆ. ಹೋರಿಗೆ ಸಿಕ್ಕ ಈ ಮರ್ಯಾದೆ ನಮ್ಮ ಬೆನ್ನುಗಳಿಗೆ ಸಿಕ್ಕಿಲ್ಲ.

ಅಂಥ ಬೆನ್ನುಗಳನ್ನು ನೋಡಲು ಮೊದಲು ಐರಣಿಗೆ ಹೋಗೋಣ, ಅದು ತುಂಗಭದ್ರೆಯ ದಂಡೆಯ ಊರು. ಅದಿರುವ ರಾಣೆಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಹೈಬ್ರಿಡ್ ಹತ್ತಿಯ ಬೀಜದ ಹೊಲದಲ್ಲಿ ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ, ನಾಳೆ ಅರಳುವ ಮೊಗ್ಗುಗಳನ್ನೇ ಹುಡುಕಿ, ಉಗುರಿನಿಂದ ಕೇಸರ ಬಿಡಿಸುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಅದಕ್ಕೆ ಪರಾಗ ಮುಟ್ಟಿಸಬೇಕು. ಕೆಳಗಿನ ಟೊಂಗೆಯ ಮೊಗ್ಗಿಗೆ ನಡು ಬಗ್ಗಿಸದೆ ಗತಿಯಿಲ್ಲ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ಕೀರ್ತಿ ಎಲ್ಲರಿಗೂ ಗೊತ್ತು. ಅಂಥ ಬೀಜದ ಹಿಂದಿನ ನಡುನೋವು ಯಾವ ಚೀಟಿಯ ಮೇಲೂ ಅಚ್ಚಾಗುವುದಿಲ್ಲ.

ಇನ್ನು ಬ್ಯಾಡಗಿ. ಹಂಗಾಮಿನಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆಗೆ ಹೋದರೆ ಕೆಂಪು ಮೆಣಸಿನಕಾಯಿಯ ಘಾಟಿನ ನಡುವೆ ಹಮಾಲರ ಬೆನ್ನುಗಳು ಕಾಣುತ್ತವೆ. ಮಂಡಿ ಮಡಿಸಿ, ಕುತ್ತಿಗೆ ತುಸು ಮುಂದೆ ಚಾಚಿ, ಚೀಲವನ್ನು ಡುಬ್ಬದ ಮೇಲೆ ತಗೊಂಡು ಎದ್ದು ನಡೆಯುತ್ತಾರೆ. ಒಬ್ಬನಿಂದ ಹೊರಿಸುವ ಭಾರ 55 ಕಿಲೋ ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮಲ್ಲಿ 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕಿಲೋಗೆ ಇಳಿಯಿತು. ಅದು ಗೊಬ್ಬರದ ಬಳಕೆ ತಗ್ಗಲೆಂದು, ಹೊರುವವನ ಬೆನ್ನು ಉಳಿಯಲೆಂದಲ್ಲ!

ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಅಜ್ಜಿಯ ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ‘ವಯಸ್ಸಾತು ಬಿಡು’ ಎಂದುಬಿಡುತ್ತೇವೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ. ಬೆನ್ನುಮೂಳೆಯ ಮಣಿಗಳು ಮುಂಭಾಗದಲ್ಲಿ ಕುಸಿದರೆ ಬೆನ್ನು ಬಾಗುತ್ತದೆ, ಎತ್ತರವೂ ತಗ್ಗುತ್ತದೆ. ಅದು ಬರೀ ವಯಸ್ಸಲ್ಲ, ಕಾಯಿಲೆ. ಮೊದಲೇ ತೋರಿಸಿದರೆ ಸವೆತ ತಗ್ಗಿಸುವ ಔಷಧಿ ಇದೆ.

ರೈತ ದೇಶದ ಬೆನ್ನೆಲುಬು ಎಂದು ಭಾಷಣ ಮಾಡುವವರು ಮಾಡಲಿ. ನೀವು ಚೀಲ ತುಂಬಿಸುವವರಾದರೆ ಹೊರುವವನನ್ನು ನೆನೆದು ಕೈ ಹಿಡಿದು ತುಂಬಿಸಿ. ಮನೆಯಲ್ಲಿ ಅವ್ವ ಈಚೆಗೆ ಗಿಡ್ಡಗಾದಂತೆ ಕಂಡರೆ ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ.