ಕೌದಿಯ ಸುಕ್ಕು ಹುಟ್ಟುವುದೆಲ್ಲಿ?

(ಕುಮಟಾದಲ್ಲಿ ಹೊಲಿಗೆ ಕಲಿಯುವ ಮಹಿಳೆಯರ ಮುಂದೆ ಮಾಡಿದ ಭಾಷಣ)



ಭಟ್ಕಳ, ಹೊನ್ನಾವರಗಳಿಂದಲೂ ಬಸ್ಸು ಹಿಡಿದು ಬಂದಿದ್ದೀರಿ. ಕೌದಿಯ ಬಣ್ಣ, ಚಿತ್ತಾರಗಳ ಬಗ್ಗೆ ಹೇಳುತ್ತೇನೆಂದು ನೀವು ಎಣಿಸಿರಬಹುದು. ನಾನು ಮಾತಾಡುವುದು ಕೌದಿ ಮುಗಿದ ಮೇಲೆ ಕಿತ್ತು ಎಸೆಯುವ ದಾರದ ಬಗ್ಗೆ, ಅಂದರೆ ಕಚ್ಚಾ ಹೊಲಿಗೆಯ ಬಗ್ಗೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಅಮ್ಮ ತೀರಿಕೊಂಡ ವರ್ಷ ಅವಳ ಹತ್ತಿ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯಲು ಕೂತೆ. ಅವಸರದಲ್ಲಿ ನಾಲ್ಕು ಮೂಲೆಗೆ ಪಿನ್ನು ಚುಚ್ಚಿ ನೇರವಾಗಿ ಯಂತ್ರಕ್ಕೆ ಕೊಟ್ಟೆ. ಮೇಲ್ಭಾಗ ಅಂದವಾಗಿಯೇ ಕಂಡಿತು. ತಿರುಗಿಸಿ ನೋಡಿದರೆ ಅಡಿಬಟ್ಟೆಯ ತುಂಬ ಸುಕ್ಕು. ಹೊಲಿಗೆ ಬಿಚ್ಚಹೋದೆ, ಸವೆದ ಸೀರೆ ಸೂಜಿ ಚುಚ್ಚಿದಲ್ಲೆಲ್ಲ ಹರಿಯಿತು. ಹೊಸ ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಅಮ್ಮನ ಸೀರೆಗೆ ಎರಡನೆಯ ಅವಕಾಶವಿಲ್ಲ.

ಸುಕ್ಕು ಯಾಕೆ ಬಂತು? ಕೌದಿಯೆಂದರೆ ಅಡಿಬಟ್ಟೆ, ಒಳಪದರ, ಮೇಲ್ಬಟ್ಟೆ ಎಂಬ ಮೂರು ಪದರ. ಯಂತ್ರದ ಕೆಳಗಿನ ಹಲ್ಲು ಅಡಿಬಟ್ಟೆಯನ್ನು ಮುಂದಕ್ಕೆ ಎಳೆಯುತ್ತದೆ. ಮೇಲಿನ ಪಾದ ಮೇಲ್ಬಟ್ಟೆಯನ್ನು ಒತ್ತಿ ತಡೆಯುತ್ತದೆ. ಮೂರೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಹೆಚ್ಚಾದ ಬಟ್ಟೆ ಎಲ್ಲಿಗೆ ಹೋಗಬೇಕು? ಅದೇ ಸುಕ್ಕು. ಕೈಹೊಲಿಗೆಯಲ್ಲಿಯೂ ಬಿಗಿಯಾಗಿ ಎಳೆದ ದಾರ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಪದರಗಳು ಅಲುಗಾಡದಂತೆ ಮೊದಲೇ ಹಿಡಿದಿಡಬೇಕು.

ಕ್ರಮ ಸರಳ. ಬಟ್ಟೆಗಳನ್ನು ಮೊದಲು ತೊಳೆದು ಒಣಗಿಸಿ, ಇಸ್ತ್ರಿ ಮಾಡಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಅಡಿಬಟ್ಟೆಯ ಒಳಮೈ ಮೇಲೆ ಬರುವಂತೆ ಸಮನಾದ ನೆಲದ ಮೇಲೆ ಹಾಸಿ, ಅಂಚುಗಳ ಮೇಲೆ ಕಲ್ಲು ಇಡಿ. ಸುಕ್ಕಿಲ್ಲದಷ್ಟು ಬಿಡಿಸಿದರೆ ಸಾಕು. ಜಗ್ಗಿ ಹಾಸಿದ ಬಟ್ಟೆ ಕಲ್ಲು ತೆಗೆದ ಕೂಡಲೇ ಹಿಂದಕ್ಕೆ ಸರಿದು ಮೇಲಿನ ಪದರಗಳನ್ನೂ ಮುದುಡಿಸುತ್ತದೆ. ಒಳಪದರ, ಮೇಲ್ಬಟ್ಟೆಗಳನ್ನು ನಡುವಿನಿಂದ ಅಂಚಿನತ್ತ ಅಂಗೈಯಿಂದ ಸವರುತ್ತ ಬನ್ನಿ. ಆಮೇಲೆ ಬೇರೆ ಬಣ್ಣದ ದಾರದಲ್ಲಿ ನಡುವಿನಿಂದ ಹೊರಕ್ಕೆ, ನಾಲ್ಕು ಬೆರಳು ಅಂತರದ ಸಾಲುಗಳಲ್ಲಿ, ಉದ್ದುದ್ದ ಹೊಲಿಗೆ ಹಾಕಿ. ಸಡಿಲು ಹೊರಗೆ ಸರಿದುಹೋಗುತ್ತದೆ. ಅಂಚಿನಿಂದ ಒಳಕ್ಕೆ ಬಂದರೆ ಅದು ನಡುವೆ ಸಿಕ್ಕಿಬೀಳುತ್ತದೆ.

ಒಳಪದರಕ್ಕೆ ಏನು ಹಾಕಬೇಕೆಂದು ಕೇಳುತ್ತೀರಿ. ಈ ಕುಮಟೆಗೂ ಹತ್ತಿಗೂ ಹಳೆಯ ನಂಟು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. 1861–65ರ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು. ಘಟ್ಟದ ಮೇಲೆ ಬೆಳೆದರೂ ವ್ಯಾಪಾರದಲ್ಲಿ ಅದಕ್ಕೆ ಬಂದರಿನ ಹೆಸರೇ ಬಿದ್ದು ‘ಕುಮಟಾ ಹತ್ತಿ’ಯಾಯಿತು. ಆದರೂ ನಮ್ಮ ಕೌದಿಗೆ ಬಿಡಿ ಹತ್ತಿ ಬೇಡವೆಂದೇ ನನ್ನ ಸಲಹೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಅದು ಬೇಗ ಒಣಗದು. ಒತ್ತೊತ್ತಾಗಿ ಹೊಲಿಯದಿದ್ದರೆ ತೊಳೆದಾಗ ಗಂಟುಕಟ್ಟುತ್ತದೆ. ಹಳೆಯ ಸೀರೆಯ ಪದರ ಜಾರದು, ಬೇಗ ಒಣಗುತ್ತದೆ.

ಹಾಗಾದರೆ ಕಚ್ಚಾ ಹೊಲಿಗೆಯಿಲ್ಲದೆ ಕೌದಿಯೇ ಇಲ್ಲವೇ? ಇದೆ. ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯನ್ನು ನೋಡಿ. ಅವರು ಮೂಲೆಯಿಂದ ಆರಂಭಿಸಿ, ತುಂಡುಗಳನ್ನು ಒಂದೊಂದಾಗಿ ಇಟ್ಟು, ಸುತ್ತುತ್ತ ನಡುವಿಗೆ ಬರುತ್ತಾರೆ. ಈಗಷ್ಟೇ ಅಂಚಿನಿಂದ ಒಳಕ್ಕೆ ಬರಬೇಡಿ ಎಂದೆನಲ್ಲ! ಆದರೆ ಅವರು ಮೇಲ್ಬಟ್ಟೆಯನ್ನು ಇಡಿಯಾಗಿ ಹಾಸುವುದಿಲ್ಲ. ಒಂದು ತುಂಡು ಕೂತ ಮೇಲೆಯೇ ಇನ್ನೊಂದು. ಒತ್ತೊತ್ತಾದ ಪ್ರತಿ ಸಾಲೂ ಮುಂದಿನ ಸಾಲಿಗೆ ಹಿಡಿತ. 2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯವೊಂದರಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ದಾರಿ ಬೇರೆ, ನಿಯಮ ಒಂದೇ: ಹಿಡಿದಿಡದ ಬಟ್ಟೆಯನ್ನು ಹೊಲಿಯಬಾರದು.

ಕೌದಿ ಟ್ರಂಕಿನಲ್ಲಿ ಉಳಿಯುತ್ತದೆ; ಮಕ್ಕಳು, ಮೊಮ್ಮಕ್ಕಳು ತೆಗೆದು ನೋಡುತ್ತಾರೆ. ಆದರೆ ಕಿತ್ತೆಸೆದ ದಾರ ಅದರಲ್ಲಿ ಇರುವುದಿಲ್ಲ. ಮುಗಿದ ಕೌದಿಯನ್ನು ಎಷ್ಟು ನೋಡಿದರೂ ಆ ವಿದ್ಯೆ ಸಿಕ್ಕದು. ನಿಮ್ಮ ಮನೆಯಲ್ಲಿ ಕೌದಿ ಹೊಲಿದ ಅಜ್ಜಿಯೋ ಅತ್ತೆಯೋ ಇದ್ದರೆ, ಮಳೆಗಾಲಕ್ಕೆ ಮುಂಚೆ ಒಂದು ದಿನ ಅವರ ಜೊತೆ ಬಟ್ಟೆ ಹಾಸಿ. ಅವರ ಅಂಗೈ ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಬಿಡುತ್ತದೆ ನೋಡಿ. ನಾನು ಅಮ್ಮನನ್ನು ಕೇಳಲಿಲ್ಲ. ನೀವು ಕೇಳಿ.